ಹುಟ್ಟದೆ ಸತ್ತ ದೊಡ್ಡಪ್ಪ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹುಟ್ಟೇ ಇರದ ದೊಡ್ಡಪ್ಪನೊಬ್ಬ ಸತ್ತನೆಂದು ತಲೆ ಬೋಳಿಸಿಕೊಂಡ ಮೂರ್ಖ ನಾನು. ಬೇರೆಯವರ ಬಾಯಿಂದ ನಿಮಗೆ ಗೊತ್ತಾಗುವುದಕ್ಕಿಂತ ನಾನೇ ಹೇಳುವುದು ವಾಸಿ. ಮಾಲೂರಿನ ರೈಲ್ವೆ ಗೇಟಿನಾಚೆಯ ನಮ್ಮ ಬೀದಿಯಲ್ಲಿ ಈ ಕತೆ ಹೇಳುವವರೆಲ್ಲ ನನ್ನ ದನಿಯನ್ನೇ ಅಣಕಿಸಿ ಹೇಳುತ್ತಾರೆ. ಅದೂ ತೀರಾ ಕೆಟ್ಟದಾಗಿ. ಅವಮಾನ ನನಗೆ ಅಭ್ಯಾಸವಿದೆ, ಕಳಪೆ ಮಿಮಿಕ್ರಿ ಮಾತ್ರ ಸಹಿಸಲಾಗುವುದಿಲ್ಲ.

ಇದೆಲ್ಲ ನೆನಪಾದದ್ದು ಒಂದು ಬಾಚಣಿಗೆಯಿಂದ. ಇವತ್ತು ಬೆಳಿಗ್ಗೆ ಹಳೇ ಅಂಗಿಯ ಜೇಬಿಗೆ ಕೈ ಹಾಕಿದಾಗ ಸಿಕ್ಕಿತು, ಎರಡು ಹಲ್ಲು ಮುರಿದ ಕಪ್ಪು ಬಾಚಣಿಗೆ. ಒಂದು ಕಾಲಕ್ಕೆ ನನ್ನ ತಲೆಯ ಮೇಲೆ ಎಂಥ ಕ್ರಾಪು ಇತ್ತು ಅಂದರೆ, ಮಾಲೂರಿನ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕರೂ ಕೂದಲು ಕೆಡುತ್ತದೆಂದು ನಾನು ಕೂರುತ್ತಿರಲಿಲ್ಲ. ಆ ಕ್ರಾಪು ಹೋಗಿ, ತಿರುಗಿ ಬಂದು, ಈಗ ಹಿಂದಿಗಿಂತ ಸ್ವಲ್ಪ ತೆಳ್ಳಗಾಗಿದೆ. ಬಾಚಣಿಗೆ ಹಿಡಿದುಕೊಂಡು ಮೆಟ್ಟಿಲ ಮೇಲೆ ಕೂತೆ. ಹಾಗೆ ಕೂತರೆ ಕೆಲಸಕ್ಕೆ ತಡವಾಗುತ್ತದೆ ಅಂತ ಗೊತ್ತಿದ್ದೂ ಕೂತೆ.

ಕೆಲಸ ಅಂದರೆ ನೀವು ನನ್ನ ದನಿಯನ್ನು ಕೇಳಿಯೇ ಇರುತ್ತೀರಿ. ನಮ್ಮ ಕೋಲಾರದ ಕಡೆ ಟೊಮೆಟೊ, ಈರುಳ್ಳಿ, ಬ್ಲೀಚಿಂಗ್ ಪೌಡರು ಮಾರುವ ಆಟೋಗಳಲ್ಲಿ "ಬನ್ನಿ ಅಮ್ಮ, ಬನ್ನಿ ಅಕ್ಕ" ಎಂದು ಮೈಕು ಕೂಗುತ್ತದಲ್ಲ, ಅದರಲ್ಲಿ ಅರ್ಧಕ್ಕೆ ಅರ್ಧ ನಾನು. ಊರಿನ ಹೆಂಗಸರನ್ನೆಲ್ಲ ಅಮ್ಮ, ಅಕ್ಕ ಎಂದು ಕರೆದು ಹೊಟ್ಟೆ ಹೊರೆಯುವವನು. ಆದರೆ ನಮ್ಮ ಮನೆಯ ಮಾಲಕಿಯನ್ನು ಮಾತ್ರ ನಾನು "ಓನರ್" ಎಂದೇ ಕರೆಯುತ್ತಿದ್ದೆ. ಇದನ್ನು ನೆನಪಿನಲ್ಲಿಡಿ.

ನಾನು ಶ್ರೀನಿವಾಸಪುರದಲ್ಲಿ ಹುಟ್ಟಿದ ಶ್ರೀನಿವಾಸ. ಹೆಸರಿಡುವುದಕ್ಕೆ ನಮ್ಮ ಮನೆಯವರು ಹೆಚ್ಚು ತಲೆ ಕೆಡಿಸಿಕೊಂಡವರಲ್ಲ. ಚಿಕ್ಕಂದಿನಲ್ಲಿ ಮಾವಿನ ಮಂಡಿಯ ಮುಂದೆ ನಿಂತು ಹರಾಜು ಕೂಗುವವನ ದನಿ ಕಲಿತೆ. ಒಂದು ಸಲ ಗೋಣಿಚೀಲಗಳ ಹಿಂದೆ ಕೂತು ಅವನ ದನಿಯಲ್ಲೇ ಬಾದಾಮಿ ಮಾವಿಗೆ ಬೆಲೆ ಏರಿಸಿಬಿಟ್ಟೆ. ಹರಾಜಿನವನು ತನ್ನ ದನಿ ತನ್ನ ಬಾಯಿ ಬಿಟ್ಟು ಹೊರಟುಹೋಯಿತೆಂದು ಗಂಟಲು ಹಿಡಿದುಕೊಂಡು ಕೂತನಂತೆ. ಆಮೇಲೆ ಅಕ್ಕನ ಮದುವೆಯಲ್ಲಿ ಬೀಗರು ಊಟ ಮಾಡುತ್ತಾ ಕೆಮ್ಮುವುದನ್ನು ಮೈಕಿನಲ್ಲಿ ಅಣಕಿಸಿದೆ. ಅಂದಿನಿಂದ ನಮ್ಮ ಮನೆಯಲ್ಲಿ ನನಗೆ ಊಟವಿದೆ, ಮಾತಿಲ್ಲ.

ಸ್ನೇಹ ಸಿಕ್ಕಿದ್ದೂ ಇದೇ ಗಂಟಲಿನಿಂದ. ಬೆಂಗಳೂರಿನಿಂದ ಮಾಲೂರಿಗೆ ಬರುವ ಸಂಜೆ ರೈಲಿನಲ್ಲಿ ಒಂದು ದಿನ ಬೇಸರವಾಗಿ, ಸ್ಟೇಷನ್ ಮೈಕಿನ ಹೆಂಗಸಿನ ದನಿಯಲ್ಲಿ "ಮುಂದಿನ ನಿಲ್ದಾಣ ಮಾಲೂರು" ಎಂದುಬಿಟ್ಟೆ. ಬಂದದ್ದು ಮಾಲೂರಿಗಿಂತ ಹಿಂದಿನ ಸ್ಟೇಷನ್ನು. ತೂಕಡಿಸುತ್ತಿದ್ದ ಇಬ್ಬರು ದಡಬಡಿಸಿ ಇಳಿದರು. ಅಯ್ಯೋ ಎಂದು ಕರೆಯಲು ನಾನೂ ಇಳಿದೆ. ರೈಲು ಹೊರಟಿತು. ಮೂವರೂ ಖಾಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತೆವು.

ಇಳಿದ ಹುಡುಗಿ ಭಾಗ್ಯ. ಕೋಲಾರದವಳು, ಲ್ಯಾಬಿನಲ್ಲಿ ಜನರ ರಕ್ತ ತೆಗೆಯುವ ಕೆಲಸ. ಆವತ್ತು ಸೂಜಿ ಇಲ್ಲದೆಯೇ ನನ್ನದು ತೆಗೆದಳು.

"ಲೇ, ನಿಂಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ವೇನೋ?"

"ಇದಾರೆ. ಮಾತಾಡಲ್ಲ ಅಷ್ಟೆ."

ಇನ್ನೊಬ್ಬ ಮುನಿರಾಜು. ಮುಳಬಾಗಿಲಿನವನು. ಅಪ್ಪ ಅಮ್ಮ ಇಲ್ಲ, ಹಾಸ್ಟೆಲ್ಲಿನಲ್ಲಿ ಬೆಳೆದು ಈಗ ಫ್ಯಾಕ್ಟರಿಯಲ್ಲಿದ್ದ. ಅವನು ಬೆಂಚಿನ ಮೇಲೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. "ಇನ್ನೊಂದ್ಸಲ ಅನ್ನಣ್ಣಾ, ಒಂದೇ ಒಂದ್ಸಲ" ಎಂದ. ಮುಂದಿನ ರೈಲು ಬರುವಷ್ಟರಲ್ಲಿ ಭಾಗ್ಯಳ ಡಬ್ಬಿಯಲ್ಲಿದ್ದ ಅವಲಕ್ಕಿ ಮೂವರ ಹೊಟ್ಟೆಯಲ್ಲಿತ್ತು, ಅವಳ ಕತೆ ನಮ್ಮಿಬ್ಬರ ಕಿವಿಯಲ್ಲಿತ್ತು. ಸ್ವಂತ ಸೋದರಮಾವನಿಗೆ ಕೊಟ್ಟು ಮದುವೆ ಮಾಡಲು ಹೊರಟಿದ್ದರಂತೆ. "ಎತ್ತಾಡ್ಸಿದ ಮಾವನ್ನ ಕಟ್ಕೊಳ್ಳೋಲ್ಲ" ಎಂದು ಮನೆ ಬಿಟ್ಟು ಬಂದಿದ್ದಳು. ತಿಂಗಳು ಕಳೆಯುವಷ್ಟರಲ್ಲಿ ನಮ್ಮ ಸಂಸಾರ ಶುರುವಾಯಿತು. ಮೂರು ತಾಲ್ಲೂಕು, ಮೂರು ಜಾತಿ, ಒಂದು ಕುಕ್ಕರ್.

ಕುಕ್ಕರ್ ಇಡಲು ಮನೆ ಬೇಕಲ್ಲ? ನಾರಾಯಣಮ್ಮನವರ ಮಹಡಿ ಖಾಲಿ ಇತ್ತು. ಅವರು ಮಾಸ್ತಿಯ ಹೆಣ್ಣುಮಗಳು, ಗಂಡ ತೀರಿಕೊಂಡವರು, ಎರಡು ಸೀಮೆಹಸು ಸಾಕಿಕೊಂಡು ಡೈರಿಗೆ ಹಾಲು ಹಾಕುತ್ತಾರೆ. ಅಂಗಳದಲ್ಲಿ ಸಗಣಿ ಕೈಯಲ್ಲೇ ನಿಂತು ಕೇಳಿದರು.

"ಮೂವರೂ ಒಬ್ರಿಗೊಬ್ರು ಏನಾಗ್ಬೇಕು?"

ನೀವು ನಮ್ಮ ಕಡೆಯವರಾದರೆ ಈ ಪ್ರಶ್ನೆಯ ತೂಕ ಗೊತ್ತಿರುತ್ತದೆ. ನಾವು ಇದನ್ನು ವರಸೆ ಅನ್ನುತ್ತೇವೆ. ಯಾರು ಯಾರಿಗೆ ಏನು, ಯಾರು ಯಾರನ್ನು ರೇಗಿಸಬಹುದು, ಯಾರು ಯಾರನ್ನು ಕಟ್ಟಿಕೊಳ್ಳಬಹುದು ಎನ್ನುವ ಲೆಕ್ಕ. ಕೋಲಾರದ ಕಡೆ ಬಸ್ ಸ್ಟಾಪಿನಲ್ಲಿ ಇಬ್ಬರು ಅಪರಿಚಿತರು ನಿಂತರೆ ಬಸ್ ಬರುವಷ್ಟರಲ್ಲಿ ನೆಂಟರಾಗಿರುತ್ತಾರೆ. ಬಸ್ ತಡವಾದರೆ ಬೀಗರಾಗುತ್ತಾರೆ. ವರಸೆ ಇಲ್ಲದ ಮನುಷ್ಯನಿಗೆ ಇಲ್ಲಿ ನೀರು ಕೊಡಬಹುದು, ಮನೆ ಕೊಡುವುದು ಕಷ್ಟ.

"ಇವರಿಬ್ರೂ ಅಣ್ಣ ತಂಗಿ. ನಾನು ಇವರ ಚಿಕ್ಕಪ್ಪನ ಮಗ" ಎಂದುಬಿಟ್ಟೆ. ಗಂಟಲು ಯಾವತ್ತೂ ನನ್ನ ತಲೆಗಿಂತ ಒಂದು ಹೆಜ್ಜೆ ಮುಂದೆ.

"ದೊಡ್ಡೋರು ಯಾರಿದಾರೆ?"

"ತಾಯಲೂರಲ್ಲಿ ದೊಡ್ಡಪ್ಪ. ಮೂವರನ್ನೂ ಸಾಕಿದ್ದು ಅವರೇ. ಪಾಪ, ಮಕ್ಕಳಿಲ್ಲ."

"ಸಂಜೆ ಫೋನ್ ಮಾಡ್ಸು."

ಹಾಗೆ ಆವತ್ತು ಸಂಜೆ, ಮನೆ ನೋಡುವ ನೆಪದಲ್ಲಿ ಹತ್ತಿದ ಮಹಡಿಯ ನೀರಿನ ಟ್ಯಾಂಕಿನ ಹಿಂದೆ, ನನ್ನ ಎರಡನೇ ಸಿಮ್ಮಿನಲ್ಲಿ ತಾಯಲೂರಿನ ದೊಡ್ಡಪ್ಪ ಹುಟ್ಟಿದ. ಹುಟ್ಟುವಾಗಲೇ ಅವನಿಗೆ ಅರವತ್ತೆಂಟು ವರ್ಷ, ಸ್ವಲ್ಪ ಗೂರಲು, ಅರ್ಧ ತೆಲುಗು. "ಏನಮ್ಮಾ ನಾರಾಯಣಮ್ಮಾ, ಬಾಗುನ್ನಾವಾ? ಊಟ ಆಯ್ತಾ? ಮಕ್ಳು ನಿನ್ ಮಡಿಲಿಗೆ ಹಾಕಿದೀನಿ ತಲ್ಲೀ" ಎಂದ. ಮೊದಲ ವಾಕ್ಯಕ್ಕೇ ಮನೆ ಸಿಕ್ಕಿತು. ಆದರೆ ದೊಡ್ಡಪ್ಪ ಬಹಳ ಸಭ್ಯ ಮನುಷ್ಯನಾಗಿ ಹುಟ್ಟಿಬಿಟ್ಟಿದ್ದ, ಅದೇ ತೊಂದರೆಯಾಯಿತು. ನಾರಾಯಣಮ್ಮನವರು ವಾರಕ್ಕೊಮ್ಮೆ ತಾವೇ ಫೋನ್ ಮಾಡತೊಡಗಿದರು. ಹಸುವಿಗೆ ಕೆಚ್ಚಲು ಬಾವು ಬಂದರೆ ದೊಡ್ಡಪ್ಪನಿಗೆ ಫೋನು, ಪಕ್ಕದ ಮನೆಯವಳು ಜಗಳ ಆಡಿದರೆ ದೊಡ್ಡಪ್ಪನಿಗೆ ಫೋನು. ಕೆಳಗೆ ಅವರ ಕೈಗೆ ಮೊಬೈಲು ಬಂದದ್ದು ಕಂಡರೆ ನಾನು ಅನ್ನದ ತಟ್ಟೆ ಬಿಟ್ಟು ಟ್ಯಾಂಕಿನ ಹಿಂದೆ ಓಡಬೇಕಿತ್ತು. ಊಟ ಆಯ್ತಾ ಎಂದು ಹಸಿದ ಹೊಟ್ಟೆಯಲ್ಲಿ ಕೇಳಬೇಕಿತ್ತು. ಸಿಕ್ಕ ಅವಕಾಶ ಬಿಡಬಾರದೆಂದು, "ಮೂವರಲ್ಲಿ ನಮ್ ಸೀನ ಬಂಗಾರಮ್ಮಾ, ಬಂಗಾರ" ಎಂದೂ ಆಗಾಗ ಸೇರಿಸುತ್ತಿದ್ದೆ.

ನಾರಾಯಣಮ್ಮನವರು ನಮ್ಮವರಾಗುತ್ತಾ ಹೋದರು. ಭಾನುವಾರ ಭಾಗ್ಯಳನ್ನು ಮೆಟ್ಟಿಲ ಮೇಲೆ ಕೂರಿಸಿ ತಲೆಗೆ ಎಣ್ಣೆ ತಟ್ಟುತ್ತಿದ್ದರು. ಅವಳು ಅವರನ್ನು ಅಮ್ಮ ಅನ್ನುತ್ತಿದ್ದಳು. ಮುನಿರಾಜು ಹಾಲು ಕರೆಯುವುದು ಕಲಿತ, ಅವನು ಅಕ್ಕ ಅನ್ನುತ್ತಿದ್ದ. ನಾನು ಓನರ್. ಮೊದಲ ಗೌರಿ ಹಬ್ಬಕ್ಕೆ ಬೀದಿಯ ಹೆಂಗಸರಿಗೆಲ್ಲ ತವರಿನಿಂದ ಅಣ್ಣತಮ್ಮಂದಿರು ಮೊರದ ಬಾಗಿನ ಹೊತ್ತುಕೊಂಡು ಬಂದರು. ಒಡಹುಟ್ಟಿದವರಿಲ್ಲದ ನಾರಾಯಣಮ್ಮನವರು ಅಂದು ಬೆಳಿಗ್ಗೆಯಿಂದ ಹಸು ತೊಳೆಯುತ್ತಲೇ ಇದ್ದರು. ಆ ಹಸು ಅಷ್ಟು ಬಿಳಿಯಾದದ್ದು ನಾನು ಹಿಂದೆಂದೂ ನೋಡಿರಲಿಲ್ಲ. ಮಧ್ಯಾಹ್ನ ಮುನಿರಾಜು ಸಂತೆಯಿಂದ ಮೊರ, ಬಳೆ, ರವಿಕೆ ಕಣ ತಂದು, "ತಗೋ ಅಕ್ಕ. ಹಿಂಗೇ ಕೊಡೋದೋ ಇಲ್ಲ ಇದ್ಕೇನಾದ್ರೂ ಮಂತ್ರ ಇದ್ಯೋ?" ಎಂದು ಚಾಚಿದ. ಅವರು ಇಸಿದುಕೊಂಡು ಒಳಗೆ ಹೋದರು. ಸಂಜೆ ಹಾಲು ಕರೆಯುವ ಹೊತ್ತಿಗೇ ಹೊರಗೆ ಬಂದದ್ದು, ಕೈತುಂಬ ಬಳೆ.

ಎರಡು ವರ್ಷ ಹೀಗೆ ಸುಖವಾಗಿ ಕಳೆಯಿತು. ಆಮೇಲೆ ಒಂದು ಸಂಜೆ ನಾರಾಯಣಮ್ಮನವರು ದೊಡ್ಡಪ್ಪನಿಗೆ ಫೋನ್ ಮಾಡಿ, ಮಾಸ್ತಿಯಲ್ಲಿ ಒಳ್ಳೇ ಹುಡುಗನಿದ್ದಾನೆ, ರಾಗಿ ಹೊಲ, ಬೋರ್‌ವೆಲ್ಲು, ಸ್ವಂತ ಟ್ರ್ಯಾಕ್ಟರು, ನಮ್ಮ ಭಾಗ್ಯಂಗೆ ಕೇಳೋಣವಾ ಎಂದರು.

ನಾನು ಏನನ್ನಬೇಕಿತ್ತು? ಯೋಚಿಸಿ ಹೇಳುತ್ತೇನೆ ಅನ್ನಬೇಕಿತ್ತು. ಆದರೆ ದೊಡ್ಡಪ್ಪ ಅಂಥವನಲ್ಲ. ಕಲಾವಿದನ ಕಷ್ಟ ನಿಮಗೆ ಅರ್ಥವಾಗಬೇಕು. ಪಾತ್ರದೊಳಗಿದ್ದಾಗ ಪಾತ್ರವೇ ಮಾತಾಡುತ್ತದೆ. "ನಿನ್ನಿಷ್ಟಾನೇ ನನ್ನಿಷ್ಟ ತಲ್ಲೀ, ಮುಹೂರ್ತ ನೋಡ್ಸು" ಎಂದುಬಿಟ್ಟ.

ಟ್ಯಾಂಕಿನ ಈಚೆ ಬಂದು ಹೇಳಿದಾಗ ಭಾಗ್ಯ ಸೌಟು ಎತ್ತಿದಳು. ಮುನಿರಾಜು ಗೋಡೆ ನೋಡಿದ.

"ಹುಡ್ಗ ಚೆನ್ನಾಗಿದಾನಂತೆ. ಟ್ರ್ಯಾಕ್ಟರ್ ಇದೆಯಂತೆ" ಎಂದೆ.

"ಲೋ ಸೀನ" ಎಂದ ಮುನಿರಾಜು ಮೆಲ್ಲಗೆ. "ನಾವಿಬ್ರೂ ಮದ್ವೆ ಆಗ್ಬೇಕು ಅಂತಿದೀವಿ ಕಣೋ."

"ಯಾರ್ಯಾರು?"

ಇಬ್ಬರೂ ನನ್ನನ್ನು ನೋಡಿದ ರೀತಿ ಈಗಲೂ ನೆನಪಿದೆ. ಸಾವಿರ ದನಿಗಳ ಏರಿಳಿತ ಹಿಡಿದ ಕಿವಿ ನನ್ನದು. ಪಕ್ಕದ ಕೋಣೆಯ ಗುಸುಗುಸು ಹಿಡಿದಿರಲಿಲ್ಲ.

"ನೀವಿಬ್ರೂ ಅಣ್ಣ ತಂಗಿ ಅಲ್ವಾ!" ಎಂದೆ. ದೇವರಾಣೆ, ಆ ಕ್ಷಣ ನಾನೂ ಅದನ್ನು ನಂಬಿದ್ದೆ.

"ಮಾಡಿದ್ದು ಯಾರೋ!" ಎಂದು ಸೌಟು ಬೀಸಿದಳು ಭಾಗ್ಯ. ಆಮೇಲೆ ಸೌಟು ಕೆಳಗಿಟ್ಟು ಕೂತಳು. "ನಿಜ ಹೇಳಿದ್ರೆ ಅಮ್ಮ ನಮ್ಮನ್ನ ಒಳಗ್ ಸೇರ್ಸಲ್ಲ. ಒಂದು ಮನೆ ಬಿಟ್ ಬಂದಾಯ್ತು. ಇನ್ನೊಂದು ಬಿಡಕ್ಕೆ ನನ್ ಕೈಲಾಗಲ್ಲ ಕಣೋ."

ಮುನಿರಾಜುವಿಗಂತೂ ಇದು ಮೊದಲನೇ ಮನೆ. ನನಗೆ? ಇವರಿಬ್ಬರೂ ಮನೆ ಬಿಟ್ಟರೆ ಕುಕ್ಕರಿನಲ್ಲಿ ಒಬ್ಬನಿಗೆ ಅನ್ನ ಎಷ್ಟಿಡಬೇಕೆಂದೇ ನನಗೆ ಗೊತ್ತಿರಲಿಲ್ಲ.

ಆದ್ದರಿಂದ ನಾನು ಬುದ್ಧಿವಂತಿಕೆಯ ಕೆಲಸ ಮಾಡಿದೆ. ದೊಡ್ಡಪ್ಪನನ್ನು ಸಾಯಿಸಿದೆ. ಸಾವಾದ ಮನೆಯಲ್ಲಿ ಯಾರೂ ಹೆಣ್ಣು ನೋಡಲು ಬರುವುದಿಲ್ಲ. ಮಾಸ್ತಿಯ ಟ್ರ್ಯಾಕ್ಟರು ತಾನಾಗಿ ಹಿಂದಕ್ಕೆ ಹೋಗುತ್ತದೆ, ಆಮೇಲೆ ನೋಡಿಕೊಳ್ಳೋಣ. ಸುದ್ದಿ ಹೇಳಲು ಮುನಿರಾಜುವನ್ನು ಕೆಳಗೆ ಕಳಿಸಿದೆ. ಅವನಿಗೆ ಸುಳ್ಳು ಬರುವುದಿಲ್ಲ. ನಲ್ಲಿಯಲ್ಲಿ ನೀರು ಬಂತು ಅನ್ನುವ ಹಾಗೆ "ಅಕ್ಕಾ, ದೊಡ್ಡಪ್ಪ ಹೋದ್ರು" ಎಂದ.

ನಾರಾಯಣಮ್ಮನವರು ಎದೆ ಬಡಿದುಕೊಂಡು ಅಂಗಳಕ್ಕೆ ಬಂದರು. "ಅಯ್ಯೋ ನಮ್ಮಪ್ಪಾ, ಊಟ ಆಯ್ತಾ ಅಂತ ಕೇಳೋರ್ ಹೋದ್ರಲ್ಲಪ್ಪಾ!" ಬೀದಿ ಸೇರಿತು. ಪಕ್ಕದ ಮನೆಯವಳು ಜಗಳ ಮರೆತು ಅವರ ತೋಳು ಹಿಡಿದಳು. ದೊಡ್ಡಪ್ಪನ ಒಂದೊಂದೇ ಗುಣವನ್ನು ರಾಗವಾಗಿ ಹೇಳಿ ಅವರು ಅಳುತ್ತಿದ್ದರೆ, ಮೆಟ್ಟಿಲ ಮೇಲೆ ನಿಂತ ನನಗೂ ಎಂಥ ಮನುಷ್ಯ ಎಂದು ಕಣ್ಣು ತುಂಬಿತು. ಆ ದನಿಯಲ್ಲಿ ಇನ್ನು ಮಾತಾಡುವಂತಿಲ್ಲ ಅನ್ನುವುದು ಆಗಲೇ ಹೊಳೆದದ್ದು. ನಿಜವಾಗಿಯೂ ಅತ್ತೆ. ಭಾಗ್ಯ ಹಿಂದಿನಿಂದ ಚಿವುಟಿ, "ಸಾಕು ನಿಲ್ಸೋ, ಓವರ್ ಆಯ್ತು" ಎಂದಳು.

ತಾಯಲೂರಿಗೆ ಹೊರಡೋಣ ಎಂದರು. ಅಲ್ಲಿ ಎಲ್ಲ ಮುಗಿಸಿಬಿಟ್ಟರಂತೆ ಎಂದೆ. "ಹಾಗಾದ್ರೆ ತಿಥಿ ಇಲ್ಲೇ ಮಾಡ್ಬೇಕು. ಮಕ್ಕಳಿಲ್ಲದ ಜೀವ. ಫೋನಲ್ಲಿ ಯಾವಾಗ್ಲೂ ಸೀನ ಬಂಗಾರ, ಸೀನ ಬಂಗಾರ ಅಂತಿದ್ರು. ತಲೆ ನೀನೇ ಕೊಡ್ಬೇಕು."

ನನ್ನನ್ನು ಹೊಗಳಿಕೊಂಡ ಪಾಪಕ್ಕೆ ಇಷ್ಟು ಬೇಗ ಫಲ ಸಿಗುತ್ತದೆಂದು ಗೊತ್ತಿರಲಿಲ್ಲ. ತಿಥಿಯವರೆಗೂ ಒಗ್ಗರಣೆ ಇಲ್ಲ, ಮೊಟ್ಟೆ ಇಲ್ಲ, ಮಿಮಿಕ್ರಿ ಇಲ್ಲ. ಮಹಡಿಯ ಒಲೆ ಹಚ್ಚಬಾರದೆಂದು ಕೆಳಗಿನಿಂದ ಸಪ್ಪೆ ಬೇಳೆ, ಮುದ್ದೆ ಕಳಿಸುತ್ತಿದ್ದರು. ಹನ್ನೊಂದನೇ ದಿನ ಬೆಳಿಗ್ಗೆ ಸ್ಟೇಷನ್ ಹತ್ತಿರದ ಕ್ಷೌರದಂಗಡಿಯಲ್ಲಿ ಕೂತೆ. ನನ್ನ ಕ್ರಾಪು ತೊಡೆಯ ಮೇಲೆ ಉದುರುತ್ತಿತ್ತು.

"ಯಾರ್ ಸಾರ್ ಹೋಗಿದ್ದು?"

"ದೊಡ್ಡಪ್ಪ."

"ಅಯ್ಯೋ. ವಯಸ್ಸಾಗಿತ್ತಾ?"

"ಎರಡು ವರ್ಷ" ಎಂದೆ, ಕೂದಲಿನ ದುಃಖದಲ್ಲಿ.

ಕತ್ತಿ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಬೇಗಬೇಗ ಮುಗಿಸಿದ.

ಮನೆಗೆ ಬಂದಾಗ ನಡುಮನೆಯಲ್ಲಿ ಮಣೆ ಹಾಕಿ, ರಂಗೋಲಿ ಬಿಟ್ಟು, ದೀಪ ಹಚ್ಚಿದ್ದರು. ಫೋಟೋ ಇರಬೇಕಾದ ಜಾಗದಲ್ಲಿ ನಾರಾಯಣಮ್ಮನವರ ಮೊಬೈಲು. ಅದಕ್ಕೆ ಕುಂಕುಮ, ಸೇವಂತಿಗೆ ಹಾರ.

"ಅವರ್ ಮುಖ ನಾನ್ ನೋಡ್ಲಿಲ್ಲ. ನನಗೆ ಅವರು ಇದ್ದಿದ್ದೇ ಇದರೊಳಗೆ" ಎಂದರು. ನಾವು ಮೂವರೂ ಕೈ ಮುಗಿದು ನಿಂತೆವು. ಅವರು ಅಕ್ಷತೆ ಹಾಕಿ, ಹಾರ ಸರಿಸಿ ಮೊಬೈಲು ಕೈಗೆತ್ತಿಕೊಂಡರು. "ಕೊನೇ ಸಲ ಅವರ್ ನಂಬರಿಗೆ ಒಂದು ಮಾಡ್ತೀನಿ. ಮನಸ್ಸಿಗ್ ಸಮಾಧಾನ."

ನನ್ನ ಪಂಚೆಯ ಸೊಂಟದಲ್ಲಿ ಫೋನು ಕೂಗಿತು. ಎರಡನೇ ಸಿಮ್ಮು ತೆಗೆದಿರಲಿಲ್ಲ.

ಆಮೇಲೆ ಆದದ್ದಕ್ಕೆ ನಾನು ಹೊಣೆಯಲ್ಲ, ಅಭ್ಯಾಸ ಹೊಣೆ. ಎರಡು ವರ್ಷದಿಂದ ಆ ರಿಂಗು ಕೇಳಿದೊಡನೆ ಈ ಕೈ ಎತ್ತುತ್ತದೆ, ಈ ಬಾಯಿ ತೆರೆಯುತ್ತದೆ. ಬೋಳು ತಲೆಯಲ್ಲಿ, ನನ್ನದೇ ತಿಥಿಯಲ್ಲಿ ನಿಂತು, ಫೋನು ಕಿವಿಗಿಟ್ಟು ಹೇಳಿದೆ: "ಏನಮ್ಮಾ ನಾರಾಯಣಮ್ಮಾ, ಬಾಗುನ್ನಾವಾ? ಊಟ ಆಯ್ತಾ?"

ಭಾಗ್ಯ ಕಣ್ಣು ಮುಚ್ಚಿಕೊಂಡಳು. ಮುನಿರಾಜು ಮತ್ತೆ ಗೋಡೆ ನೋಡಿದ. ನಾರಾಯಣಮ್ಮನವರು ಮೂರು ಅಡಿ ದೂರದಲ್ಲಿ, ನನ್ನನ್ನು ನೋಡದೆ, ಫೋನಿನಲ್ಲೇ ಮಾತಾಡಿದರು.

"ಚೆನ್ನಾಗಿದೀನಿ ಅಣ್ಣ. ನೀವ್ ಸತ್ತಮೇಲೆ ಹೆಂಗಿದೀರಾ?"

"ಏದೋ ಇದೀನಮ್ಮಾ."

"ಆ ಎರಡ್ ಮಕ್ಳು ನಿಜ್ವಾಗೂ ಅಣ್ಣ ತಂಗೀನಾ?"

ಸೀನನಾಗಿ ಎರಡು ವರ್ಷ ಹೇಳಲಾಗದ್ದನ್ನು ದೊಡ್ಡಪ್ಪ ಒಂದೇ ಉಸಿರಿಗೆ ಹೇಳಿದ. "ಅಲ್ಲ ತಲ್ಲೀ. ಯಾರೂ ಯಾರಿಗೂ ಏನೂ ಅಲ್ಲ. ರೈಲಲ್ಲಿ ಸಿಕ್ಕಿದೋರು. ಅವರಿಬ್ರಿಗೂ ಮದ್ವೆ ಆಗ್ಬೇಕು ಅಂತ ಆಸೆ. ಎಲ್ಲಾ ಆ ಸೀನನ ತಪ್ಪು, ಆದ್ರೆ ಅವ್ನು ಬಂಗಾರದಂಥ ಹುಡುಗ. ಮನೆ ಮಾತ್ರ ಬಿಡ್ಸಬೇಡಮ್ಮಾ."

ಆ ಹೊತ್ತಿಗೆ ಸರಿಯಾಗಿ ಗೇಟಿನಲ್ಲಿ ರೈಲು ಹಾದುಹೋಯಿತು. ಪಾತ್ರೆಗಳು ಅದುರಿದವು. ಅದು ಮುಗಿಯುವವರೆಗೆ ಅವರು ಕಾದರು, ಆಮೇಲೆ ಫೋನಿಟ್ಟರು.

"ಮೊದಲನೇ ದಿನ ನಿನ್ ದೊಡ್ಡಪ್ಪ ಮಾತಾಡ್ವಾಗ್ಲೂ ಫೋನಲ್ಲಿ ಇದೇ ರೈಲು ಹೋಯ್ತು. ತಾಯಲೂರ್ಗೆ ರೈಲು ಯಾವಾಗ್ ಬಂತೋ?"

"ಅವತ್ತಿಂದಾನೂ ಗೊತ್ತಿತ್ತಾ?"

"ಮತ್ತೆ? ಒಂದೇ ಹೊಟ್ಟೇಲ್ ಹುಟ್ಟಿದೋರು ನನ್ನ ಒಬ್ಬ ಅಕ್ಕ ಅಂತಾನೆ, ಒಬ್ಳು ಅಮ್ಮ ಅಂತಾಳೆ. ಬಾಯ್ ಬಿಡ್ತೀರೇನೋ ಅಂತ ಗಂಡು ಹುಡುಕ್ದೆ. ನೀನ್ ನೋಡಿದ್ರೆ ಮುಹೂರ್ತ ನೋಡ್ಸು ಅಂತೀಯ!"

"ಹಾಗಾದ್ರೆ ಆ ಮಾಸ್ತಿ ಹುಡ್ಗ, ಟ್ರ್ಯಾಕ್ಟರು?"

"ನಿನ್ ದೊಡ್ಡಪ್ಪ ಇರೋ ಊರಲ್ಲೇ ಅವ್ನೂ ಇರೋದು."

"ಗೊತ್ತಿದ್ದೂ ನನ್ ತಲೆ ಬೋಳ್ಸಿದ್ರಾ ಓನರ್!"

"ನನ್ ಕೈಲಿ ಮಾತಾಡೋ ಒಬ್ರು ದೊಡ್ಡೋರನ್ನ ಕೇಳ್ದೆ ಮಾಡ್ದೆ ಸಾಯ್ಸಿದ್ಯಲ್ಲ, ಅದಕ್ಕೆ" ಎಂದರು. ಆ ಮಾತಿನಲ್ಲಿ ತಮಾಷೆ ಇರಲಿಲ್ಲ. ನಾನು ತಲೆ ತಗ್ಗಿಸಿದೆ. ಬೋಳು ತಲೆ ತಗ್ಗಿಸಿದರೆ ಇನ್ನೂ ಚೆನ್ನಾಗಿ ಕಾಣುತ್ತದೆಂದು ನಂತರ ಮುನಿರಾಜು ಹೇಳಿದ.

ಭಾಗ್ಯ ಮಾತ್ರ ಬಾಗಿಲಿಗೆ ಒರಗಿಕೊಂಡು ನಿಂತಿದ್ದಳು. "ಅಮ್ಮಾ, ನಾವು ಮನೆ ಖಾಲಿ ಮಾಡ್ಬೇಕಾ?"

"ಯಾಕ್ ಮಾಡ್ತೀಯ? ವರಸೆ ಸರಿಯಾಗೇ ಐತಲ್ಲ" ಎಂದು ನಾರಾಯಣಮ್ಮನವರು ಬೆರಳು ಮಡಿಸಿದರು. "ಗೌರಿ ಹಬ್ಬಕ್ಕೆ ಬಾಗಿನ ತಂದ್ ಕೊಟ್ಟ, ಅವ್ನು ನನ್ ತಮ್ಮ. ಇಷ್ಟ್ ದಿನ ತಲೆಗೆಣ್ಣೆ ಹಚ್ಚಿದೀನಿ, ನೀನ್ ನನ್ ಮಗಳು. ತಮ್ಮಂಗೆ ಅಕ್ಕನ ಮಗಳು. ಇದಕ್ಕಿಂತ ಒಳ್ಳೇ ವರಸೆ ಈ ಜಿಲ್ಲೇಲೇ ಇಲ್ಲ."

ಮುನಿರಾಜು ಗೋಡೆ ಬಿಟ್ಟು ಮೊದಲ ಸಲ ಅವರ ಮುಖ ನೋಡಿದ. ಭಾಗ್ಯ ಲೆಕ್ಕ ಹಾಕಿದಳು, ಹಾಕಿ ಕಿರುಚಿದಳು. "ಅಮ್ಮಾ! ಸೋದರಮಾವನ್ನ ಕಟ್ಕೊಳ್ಳಲ್ಲ ಅಂತ ಕೋಲಾರ ಬಿಟ್ಟು ಬಂದೋಳು ನಾನು!"

"ಆ ಮಾವನ್ನ ಅವರು ಹುಡ್ಕಿದ್ದು. ಈ ಮಾವನ್ನ ನೀನೇ ಹುಡ್ಕೊಂಡಿದ್ದು. ಸುಮ್ನೆ ಕಾಯಿ ತುರಿ ಹೋಗು."

ಅವಳು ಅಳುತ್ತಾ ನಗುತ್ತಾ ಕಾಯಿ ತುರಿಯಲು ಹೋದಳು. ಮುನಿರಾಜು ಈಳಿಗೆ ಮಣೆ ಹಿಡಿದುಕೊಂಡು ಹಿಂದೆಯೇ ಹೋದ. ನಾರಾಯಣಮ್ಮನವರು ಮೊಬೈಲಿನ ಕುಂಕುಮ ಸೆರಗಿನಲ್ಲಿ ಒರೆಸುತ್ತಾ, "ಗಂಡಿನ ಕಡೆಗೂ ನಾನೇ, ಹೆಣ್ಣಿನ ಕಡೆಗೂ ನಾನೇ, ಎರಡು ಸೀರೆ ತಗೋಬೇಕು" ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಯಾವ ವರಸೆಗೂ ಸಿಗದೆ ನಾನೊಬ್ಬನೇ ಉಳಿದೆ. ತಂಗಿ ಮಗಳಾದಳು, ಅಣ್ಣ ತಮ್ಮನಾದ, ದೊಡ್ಡಪ್ಪ ಸತ್ತ. ಇಡೀ ವಂಶವೃಕ್ಷವನ್ನು ನೆಟ್ಟವನು ನಾನು, ನನಗೇ ಅದರಲ್ಲಿ ಕೂರಲು ಒಂದು ಕೊಂಬೆ ಇರಲಿಲ್ಲ. ಯಾರ ದನಿಯನ್ನೂ ಹಾಕಿಕೊಳ್ಳದೆ ಕೇಳಿದೆ. ನನ್ನ ಸ್ವಂತ ದನಿ ಅಷ್ಟು ಸಣ್ಣದೆಂದು ನನಗೇ ಗೊತ್ತಿರಲಿಲ್ಲ.

"ಅಕ್ಕಾ, ಹಾಗಾದ್ರೆ ನಾನು ಯಾರ ಕಡೆ?"

ಓನರ್ ಅನ್ನುವುದು ಬಿಟ್ಟು ಅಕ್ಕಾ ಎಂದದ್ದನ್ನು ಅವರು ಗಮನಿಸಿದರು. ಗಮನಿಸಿದ ಹಾಗೆ ತೋರಿಸಿಕೊಳ್ಳಲಿಲ್ಲ. ನನ್ನ ತಲೆಯನ್ನು ಒಮ್ಮೆ ಹಿಂದಿನಿಂದ ಮುಂದಿನವರೆಗೆ ನೋಡಿ ಹೇಳಿದರು:

"ನೀನಾ? ನೀನ್ ಸತ್ತೋರ್ ಕಡೆಯೋನು ಕಣೋ. ತಲೆ ಮೇಲೆ ನಾಲ್ಕು ಚೊಂಬು ನೀರ್ ಹುಯ್ಕೊಂಡ್ ಬಾ, ಎಲೆ ಹಾಕಿದೀನಿ."